ಫ್ರೆಂಚಿನಲ್ಲಿ ಕೊಡುವವರಿಗೆ ‘ದೊನರ್’ ಅನ್ನಬೇಕಾ, ‘ದೊನಾತರ್’ ಅನ್ನಬೇಕಾ?

ಶರಾವತಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಫ್ರೆಂಚ್ ಕಲಿಯುತ್ತಿದ್ದೇನೆ, ಈಗ ಬಿ1 ಹಂತ. ‘ಕೊಡುವವರು’ ಎನ್ನಲು ಎರಡು ಪದ ಸಿಗುತ್ತಿವೆ. ಒಂದು ದೊನರ್, ಇನ್ನೊಂದು ದೊನಾತರ್. ನಿಘಂಟು ತೆಗೆದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಇದೆ. ಆದರೆ ರಕ್ತದಾನದ ಪೋಸ್ಟರ್‌ಗಳಲ್ಲಿ ಯಾವಾಗಲೂ ದೊನರ್ ಇರುತ್ತದೆ. ಮ್ಯೂಸಿಯಂ ಗೋಡೆಯಲ್ಲಿ ಹೆಸರುಗಳ ಪಟ್ಟಿ ಇದ್ದರೆ ದೊನಾತರ್. ಇದಕ್ಕೆ ಏನಾದರೂ ನಿಯಮ ಇದೆಯಾ, ಅಥವಾ ಬಾಯಿಪಾಠ ಮಾಡಬೇಕಾ?

ಇನ್ನೊಂದು ವಿಷಯ. ನಾನು ಕೆಲಸ ಮಾಡುವುದು ಬಟ್ಟೆ ರಫ್ತಿನ ಕಂಪನಿಯಲ್ಲಿ. ಫ್ರಾನ್ಸಿನಿಂದ ಬರುವ ಕಾಗದಗಳಲ್ಲಿ ‘ದೊನರ್ ದೋರ್ದ್ರ್’ ಅಂತ ಇರುತ್ತದೆ. ಅಲ್ಲಿ ಯಾರು ಯಾರಿಗೆ ಏನು ಕೊಡುತ್ತಿದ್ದಾರೆ?

ಲಿಯೋಂ ಕನ್ನಡಿಗ

ಶರಾವತಿಯವರೇ, ಬಾಯಿಪಾಠ ಬೇಕಾಗಿಲ್ಲ. ಮೊದಲು ಕಾಗುಣಿತ ನೋಡಿ. ದೊನರ್ ಬರೆಯುವಾಗ ಎರಡು ‘ಎನ್’, ದೊನಾತರ್ ಬರೆಯುವಾಗ ಒಂದೇ. ಇದಕ್ಕೆ ಕಾರಣ ಇದೆ. ದೊನರ್ ಹುಟ್ಟಿದ್ದು ಫ್ರೆಂಚಿನೊಳಗೇ. ‘ದೊನೆ’ ಎಂದರೆ ಕೊಡುವುದು. ಅದರಲ್ಲಿ ಎರಡು ಎನ್ ಇವೆ. ಅದಕ್ಕೆ ‘ಅರ್’ ಪ್ರತ್ಯಯ ಸೇರಿದರೆ ಕೊಡುವವನು. ದೊನಾತರ್ ಹಾಗಲ್ಲ. ಲ್ಯಾಟಿನ್ನಿನ ‘ದೊನಾತೊರ್’ ಪದವನ್ನು ಓದುಬರಹ ಬಲ್ಲವರು ನೇರವಾಗಿ ತೆಗೆದುಕೊಂಡರು. ಅದು ಕಾನೂನು, ಚರ್ಚು, ದಾಖಲೆಗಳ ಮಾತು. ಅದೇ ಮನೆಯ ದೊನಾಸಿಯೋಂ (ದಾನ), ದೊನಾತೇರ್ (ದಾನ ಪಡೆದವರು) ಪದಗಳಲ್ಲೂ ಒಂದೇ ಎನ್.

ಬಳಕೆಯೂ ಇದೇ ದಾರಿಯಲ್ಲಿ ಎರಡಾಗಿದೆ. ಹಣ, ಮನೆ, ಜಮೀನು, ಚಿತ್ರ, ಹಸ್ತಪ್ರತಿ, ಅಂದರೆ ಆಸ್ತಿ ಎನ್ನಬಹುದಾದ ಏನನ್ನೇ ಕೊಟ್ಟರೂ ಅವರು ದೊನಾತರ್. ಮೈಯಿಂದ ಕೊಟ್ಟವರು ದೊನರ್. ರಕ್ತ, ಪ್ಲಾಸ್ಮಾ, ಮೂತ್ರಪಿಂಡ, ಅಸ್ಥಿಮಜ್ಜೆ ಎಲ್ಲ ಇದರಲ್ಲೇ ಬರುತ್ತವೆ.

ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿಗೆ 2019ರ ಏಪ್ರಿಲ್ 15ರಂದು ಬೆಂಕಿ ಬಿತ್ತಲ್ವಾ, ಅದನ್ನು ಮತ್ತೆ ಕಟ್ಟಲು ಸುಮಾರು 150 ದೇಶಗಳ 3,40,000 ಜನ ಒಟ್ಟು 84.6 ಕೋಟಿ ಯೂರೋ ಕೊಟ್ಟರು. 2024ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದಾಗ ಅಲ್ಲಿನ ಸುದ್ದಿಗಳಲ್ಲಿ ಅವರನ್ನೆಲ್ಲ ಕರೆದದ್ದು ದೊನಾತರ್ ಎಂದೇ. ಅಲ್ಲಿ ದೊನರ್ ಎಂದಿದ್ದರೆ ಫ್ರೆಂಚರ ಕಿವಿಗೆ ತಕ್ಷಣ ತಪ್ಪು ಕೇಳಿಸುತ್ತಿತ್ತು. ಇನ್ನೊಂದು ಕಡೆ ಜೂನ್ 14 ನೋಡಿ. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ. ಅದನ್ನು ವಿಶ್ವ ರಕ್ತದಾನಿಗಳ ದಿನ ಎಂದು ಆಚರಿಸುತ್ತಾರೆ. ಫ್ರೆಂಚಿನಲ್ಲಿ ಅದು ‘ದೊನರ್ ದ ಸಾಂ’ಗಳ ದಿನ.

ಫ್ರಾನ್ಸಿನಲ್ಲಿ ರಕ್ತ ಸಂಗ್ರಹ ನೋಡಿಕೊಳ್ಳುವ ಸಂಸ್ಥೆ ಇಎಫ್ಎಸ್. 2000ದ ಜನವರಿ 1ರಂದು ಶುರುವಾಯಿತು. 18ರಿಂದ 70 ವರ್ಷದವರೆಗೆ ಕೊಡಬಹುದು, ತೂಕ ಕನಿಷ್ಠ 50 ಕಿಲೋ ಇರಬೇಕು. ವರ್ಷಕ್ಕೆ ಗಂಡಸರು 6 ಸಲ, ಹೆಂಗಸರು 4 ಸಲ. ಒಂದರಿಂದ ಇನ್ನೊಂದಕ್ಕೆ 8 ವಾರ ಬಿಡಬೇಕು. ಹಣ ಕೊಡುವುದಿಲ್ಲ. ಯಾರ ರಕ್ತ ಯಾರಿಗೆ ಹೋಯಿತು ಎಂದು ಹೇಳುವುದೂ ಇಲ್ಲ. ಅಲ್ಲಿನ ಅರ್ಜಿಯಲ್ಲಿ, ಕಾರ್ಡಿನಲ್ಲಿ, ನರ್ಸ್ ಬಾಯಲ್ಲಿ ಎಲ್ಲ ಕಡೆ ನೀವು ದೊನರ್. ಇಲ್ಲಿರುವ ಕನ್ನಡದವರಿಗೆ ಒಂದು ಮಾತು: ರಜೆಗೆ ಊರಿಗೆ ಹೋಗಿ ಬಂದಿದ್ದರೆ ಮಲೇರಿಯಾ ಕಾರಣಕ್ಕೆ ಕೆಲವು ತಿಂಗಳು ಕಾಯಲು ಹೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಸಮಯ ಕಳೆದ ಮೇಲೆ ಮತ್ತೆ ಹೋಗಿ.

ಮಂಜು ಮೈಸೂರು

ಅಂದರೆ ಶ್ರೀಮಂತರು ದೊನಾತರ್, ನಮ್ಮಂಥ ಸಾಮಾನ್ಯರು ದೊನರ್ ಅಂತಾಯ್ತಾ?

ಲಿಯೋಂ ಕನ್ನಡಿಗ

ಇಲ್ಲ ಮಂಜು ಅವರೇ. ಮೊತ್ತಕ್ಕೂ ಪದಕ್ಕೂ ಸಂಬಂಧ ಇಲ್ಲ. ಹಾಸ್ಯನಟ ಕೊಲುಶ್ 1985ರಲ್ಲಿ ಹಸಿದವರಿಗೆ ಊಟ ಹಾಕಲು ‘ರೆಸ್ತೊ ದ್ಯು ಕರ್’ ಶುರು ಮಾಡಿದರು. ಅದಕ್ಕೆ ಐದು ಯೂರೋ ಕಳಿಸಿದವರೂ ದೊನಾತರ್. ಇಂಥ ಸಂಘಗಳಿಗೆ ಕೊಟ್ಟರೆ ತೆರಿಗೆಯಲ್ಲಿ ವಿನಾಯಿತಿ ಉಂಟು. ಸಾರ್ವಜನಿಕ ಹಿತದ ಸಂಸ್ಥೆಗೆ ಕೊಟ್ಟ ಹಣದಲ್ಲಿ ಸಾಮಾನ್ಯವಾಗಿ ಶೇ. 66ರಷ್ಟನ್ನು ಕಟ್ಟಬೇಕಾದ ತೆರಿಗೆಯಿಂದ ಕಳೆಯುತ್ತಾರೆ, ಆದಾಯದ ಶೇ. 20ರ ಮಿತಿಯೊಳಗೆ. ಆ ರಸೀದಿಯಲ್ಲೂ ದೊನಾತರ್ ಎಂದೇ ಇರುತ್ತದೆ. ದೊಡ್ಡ ಕುಳಗಳಿಗೆ, ಕಲೆ ಸಂಸ್ಕೃತಿ ಪೋಷಿಸುವವರಿಗೆ ಬೇರೆ ಪದವೇ ಇದೆ, ‘ಮೆಸೆನ್’. ಅಭಿವೃದ್ಧಿ ಯೋಜನೆಗಳಿಗೆ ದುಡ್ಡು ಹಾಕುವ ದೇಶ, ಬ್ಯಾಂಕುಗಳನ್ನು ‘ಬಯರ್ ದ ಫೋಂ’ ಎನ್ನುತ್ತಾರೆ.

ವಕೀಲಿ ಪುಸ್ತಕ

ನನ್ನ ಕೆಲಸಕ್ಕೆ ಹತ್ತಿರದ ವಿಷಯ, ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಫ್ರೆಂಚ್ ಸಿವಿಲ್ ಕೋಡ್‌ನಲ್ಲಿ ದೊನಾತರ್ ಎಂದರೆ ದಾನ ಕೊಟ್ಟವರು, ದೊನಾತೇರ್ ಎಂದರೆ ದಾನ ಪಡೆದವರು. ಕಿವಿಗೆ ಎರಡೂ ಹತ್ತಿರ, ಅರ್ಥ ತದ್ವಿರುದ್ಧ. ಅನುವಾದ ಮಾಡುವವರು ಇಲ್ಲಿ ಎರಡು ಸಲ ನೋಡಬೇಕು. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾನಪತ್ರ ಮಾಡಿಸುತ್ತೇವಲ್ಲ, ಫ್ರಾನ್ಸಿನಲ್ಲಿ ಆ ಕೆಲಸ ನೋತೇರ್ ಎಂಬ ಅಧಿಕಾರಿಯ ಮುಂದೆ ಆಗಬೇಕು. ಕೋಡ್‌ನ 931ನೇ ವಿಧಿ ಅದನ್ನೇ ಹೇಳುತ್ತದೆ. ತಂದೆ ಅಥವಾ ತಾಯಿ, ಒಬ್ಬೊಬ್ಬ ಮಗುವಿಗೆ 15 ವರ್ಷಕ್ಕೊಮ್ಮೆ 1,00,000 ಯೂರೋ ತನಕ ತೆರಿಗೆ ಇಲ್ಲದೆ ಕೊಡಬಹುದು. ಹಾಗಾಗಿ ಮಧ್ಯಮ ವರ್ಗದ ಮನೆಗಳಲ್ಲೂ ಈ ಪದ ಓಡಾಡುತ್ತದೆ.

ಕೊಟ್ಟ ಮೇಲೆ ವಾಪಸ್ ಕೇಳುವ ಹಾಗಿಲ್ಲ. ಅವರ ಹಳೆಯ ಕಾನೂನಿನ ಸೂತ್ರ ಒಂದಿದೆ: ಕೊಟ್ಟು ಹಿಡಿದಿಟ್ಟುಕೊಂಡರೆ ಅದು ಕೊಟ್ಟಂತಲ್ಲ. ಮಕ್ಕಳು ಆಟದಲ್ಲಿ ಜಗಳ ಆಡುವಾಗಲೂ ಇದನ್ನೇ ಹೇಳುತ್ತಾರೆ: ಕೊಟ್ಟದ್ದು ಕೊಟ್ಟದ್ದೇ, ವಾಪಸ್ ತಗೊಂಡರೆ ಕದ್ದಂಗೆ. ಆದರೆ ಇದಕ್ಕೆ ಹೊರತಾದ ಸಂದರ್ಭಗಳಿವೆ, ನನ್ನ ಮನಸ್ಸಿಗೆ ತುಂಬ ತಟ್ಟುವುದು 955ನೇ ವಿಧಿ. ದಾನ ಪಡೆದವರು ಕೊಟ್ಟವರ ಜೀವಕ್ಕೆ ಕೈ ಹಾಕಿದರೆ, ಕ್ರೂರವಾಗಿ ನಡೆದುಕೊಂಡರೆ, ಕಷ್ಟದಲ್ಲಿದ್ದಾಗ ಹೊಟ್ಟೆಬಟ್ಟೆಗೆ ಕೊಡಲು ಒಪ್ಪದಿದ್ದರೆ ದಾನವನ್ನು ರದ್ದು ಮಾಡಬಹುದು. ಕಾನೂನಿನ ಮಾತಿನಲ್ಲೇ ಅದನ್ನು ಕೃತಘ್ನತೆ ಎನ್ನುತ್ತಾರೆ. ನಮ್ಮಲ್ಲೂ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಹೀಗೇ ಇದೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಮಕ್ಕಳ ಹೆಸರಿಗೆ ಮನೆ ಬರೆದುಕೊಟ್ಟು, ಅವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಎರಡು ದೇಶದ ಮುದುಕರ ಸಂಕಟ ಒಂದೇ.

ಸಮಾಜಶಾಸ್ತ್ರ ಎಂ.ಎ.

ವಕೀಲರು ಹೇಳಿದ ಜೋಡಿ ಪದಗಳಿಗೆ ಇನ್ನೊಂದು ಕೊಂಡಿ ಸೇರಿಸುತ್ತೇನೆ. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೊಸ್ 1925ರಲ್ಲಿ ಪ್ರಕಟಿಸಿದ ದಾನದ ಕುರಿತ ಪ್ರಬಂಧದಲ್ಲೂ ಕೊಟ್ಟವರು ದೊನಾತರ್, ಪಡೆದವರು ದೊನಾತೇರ್. ಕೊಡುವುದು, ತೆಗೆದುಕೊಳ್ಳುವುದು, ತಿರುಗಿ ಕೊಡುವುದು ಮೂರೂ ಸಮಾಜ ಹೊರಿಸುವ ಕಟ್ಟುಪಾಡುಗಳು ಎನ್ನುವುದು ಅವರ ವಾದ. ಅದರಲ್ಲಿ ಭಾರತದ ಭಾಗವೂ ಇದೆ. ಮಹಾಭಾರತದ ಅನುಶಾಸನ ಪರ್ವದ ದಾನಧರ್ಮವನ್ನು ಅವರು ಸಾಕಷ್ಟು ವಿವರವಾಗಿ ನೋಡಿದ್ದಾರೆ. ನಮ್ಮ ‘ದಾನ’ಕ್ಕೂ ಲ್ಯಾಟಿನ್ನಿನ ‘ದೋನುಂ’ಗೂ ಬೇರು ಒಂದೇ. ಹಾಗಾಗಿ ಈ ಪದಗಳು ನಮ್ಮ ಕಿವಿಗೆ ಪರಕೀಯ ಅನ್ನಿಸುವುದಿಲ್ಲ.

ರೇಷ್ಮೆ ಗೂಡು

ಚಿತ್ರಕಲೆ ಇಷ್ಟಪಡುವವರಿಗೆ: ಹಳೆಯ ಯುರೋಪಿನ ಧಾರ್ಮಿಕ ಚಿತ್ರಗಳ ಮೂಲೆಯಲ್ಲಿ ಒಬ್ಬರು ಕೈ ಮುಗಿದು ಮಂಡಿಯೂರಿರುತ್ತಾರೆ. ಆ ಚಿತ್ರ ಬರೆಸಿ ಚರ್ಚಿಗೆ ಕೊಟ್ಟವರು ಅವರೇ. ಅವರಿಗೂ ದೊನಾತರ್ ಎನ್ನುತ್ತಾರೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿರುವ ಯಾನ್ ವಾನ್ ಐಕ್‌ನ ಚಿತ್ರದಲ್ಲಂತೂ ಚಾನ್ಸಲರ್ ನಿಕೊಲಾ ರೊಲಾಂ ಮೂಲೆಯಲ್ಲಿಲ್ಲ, ಮೇರಿಯ ಎದುರಿಗೇ ಅವಳಷ್ಟೇ ದೊಡ್ಡದಾಗಿ ಮಂಡಿಯೂರಿದ್ದಾನೆ. 1443ರಲ್ಲಿ ಬೋನ್ ಊರಿನಲ್ಲಿ ಬಡವರಿಗೆ ಆಸ್ಪತ್ರೆ ಕಟ್ಟಿಸಿದವನೂ ಇವನೇ.

ಪೀಣ್ಯ ಪ್ರಕಾಶ

ಶರಾವತಿ ಮೇಡಂ, ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ನಾನೂ ಗಾರ್ಮೆಂಟ್ಸ್ ಲೈನಿನವನೇ.

‘ದೋರ್ದ್ರ್’ ಎಂದರೆ ಆರ್ಡರ್‌ನ. ದೊನರ್ ದೋರ್ದ್ರ್ ಎಂದರೆ ಕೆಲಸದ ಆರ್ಡರ್ ಕೊಡುವ ಕಂಪನಿ. ನಾವು ಬಾಯಲ್ಲಿ ಬಯ್ಯರ್ ಅಂತೀವಲ್ಲ, ಅದೇ. ಆದರೆ ಕಾಗದದ ಮೇಲೆ ಇದಕ್ಕೆ ತೂಕ ಜಾಸ್ತಿ. ಬಯ್ಯರ್ ಬರೀ ಸರಕು ಕೊಳ್ಳುತ್ತಾರೆ. ದೊನರ್ ದೋರ್ದ್ರ್ ಎಂದಾಗ, ಹೀಗೇ ಹೊಲಿ, ಇಷ್ಟು ದಿನದಲ್ಲಿ ಕೊಡು ಎಂದು ಕೆಲಸ ಒಪ್ಪಿಸಿದವರು ಎಂಬ ಅರ್ಥ ಬರುತ್ತದೆ. ಒಪ್ಪಿಸಿದವರಿಗೆ ಹೊಣೆಯೂ ಇರಬೇಕು.

ಈ ಹೊಣೆಯ ಮಾತು ಕಾನೂನಿಗೆ ಬಂದದ್ದರ ಹಿಂದೆ ದೊಡ್ಡ ನೋವಿದೆ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಹೊಲಿಗೆ ಕೆಲಸದ ಹೆಣ್ಣುಮಕ್ಕಳು. ಯುರೋಪಿನ ಅಂಗಡಿಗಳಿಗೆ ಹೋಗುವ ಬಟ್ಟೆ ಅಲ್ಲಿ ಹೊಲಿಯುತ್ತಿದ್ದರು. ಅದಾದ ಮೇಲೆ ಫ್ರಾನ್ಸಿನಲ್ಲಿ ವರ್ಷಗಟ್ಟಲೆ ವಾದ ನಡೆದು 2017ರ ಮಾರ್ಚ್ 27ರಂದು ಕಾನೂನು ಬಂತು. ಅದರ ಶೀರ್ಷಿಕೆಯಲ್ಲೇ ಈ ಪದ ಇದೆ: ಮಾತೃಸಂಸ್ಥೆಗಳು ಮತ್ತು ‘ದೊನಜ಼್ ದೋರ್ದ್ರ್’ ಕಂಪನಿಗಳ ಎಚ್ಚರಿಕೆಯ ಕರ್ತವ್ಯ. ಕಂಪನಿ ಎಂಬ ಪದ ಫ್ರೆಂಚಿನಲ್ಲಿ ಸ್ತ್ರೀಲಿಂಗ, ಅದಕ್ಕೆ ದೊನರ್ ಹೋಗಿ ದೊನಜ಼್ ಆಗಿದೆ. ಫ್ರಾನ್ಸಿನಲ್ಲಿ 5,000 ಅಥವಾ ಜಗತ್ತಿನಾದ್ಯಂತ 10,000 ನೌಕರರಿರುವ ಕಂಪನಿಗಳಿಗೆ ಅನ್ವಯ. ತಮಗೆ ಕಾಯಂ ಸರಕು ಕೊಡುವವರ ಕಾರ್ಖಾನೆಯಲ್ಲಿ ಜೀವಕ್ಕೆ, ಹಕ್ಕಿಗೆ, ಪರಿಸರಕ್ಕೆ ಏನು ಅಪಾಯ ಇದೆ ಎಂದು ಹುಡುಕಿ, ತಡೆಯುವ ಯೋಜನೆಯನ್ನು ಪ್ರಕಟಿಸಬೇಕು. ಅದಕ್ಕೇ ನಿಮ್ಮ ಕಂಪನಿಗೆ ಬರುವ ಕಾಗದಗಳಲ್ಲಿ ಬೆಂಕಿ ಬಿದ್ದಾಗ ಹೊರಹೋಗುವ ಬಾಗಿಲು, ಓಟಿ, ಶೌಚಾಲಯದ ಪ್ರಶ್ನೆಗಳೂ ಇದ್ದರೆ ಆಶ್ಚರ್ಯ ಪಡಬೇಡಿ. ಅವನ್ನು ಸುಮ್ನೆ ಟಿಕ್ ಹಾಕಿ ಕಳಿಸಬೇಡಿ. ದಯವಿಟ್ಟು ಫ್ಲೋರಿಗೆ ಇಳಿದು ನೋಡಿ ತುಂಬಿ.

ಶರಾವತಿ

ಪ್ರಕಾಶ್ ಸರ್, ತುಂಬಾ ಥ್ಯಾಂಕ್ಸ್. ಹೌದು, ಇದೇ ಪ್ರಶ್ನೆಗಳು ಬಂದಿವೆ. ಈಗ ಕಾರಣ ತಿಳಿಯಿತು.

ಆದರೆ ಲಿಯೋಂ ಅವರ ನಿಯಮಕ್ಕೆ ಇದು ಹೊಂದುವುದಿಲ್ಲ ಅಲ್ವಾ? ಆರ್ಡರ್ ಕೊಡುವವರು ಮೈಯಿಂದ ಏನೂ ಕೊಡುತ್ತಿಲ್ಲ.

ಪದಬೇಟೆ

ಅದಕ್ಕೇ ಆ ನಿಯಮವನ್ನು ನಾನು ಸ್ವಲ್ಪ ಅಗಲ ಮಾಡುತ್ತೇನೆ. ದೊನಾತರ್ ಎಂದರೆ ಆಸ್ತಿ ದಾನ ಮಾಡಿದವರು, ಅಷ್ಟೇ. ಆ ಪದ ಒಂಟಿಯಾಗಿ ನಿಲ್ಲುತ್ತದೆ. ಉಳಿದ ಎಲ್ಲ ಕೊಡುವಿಕೆಗೂ ದೊನರ್. ಆದರೆ ಅದಕ್ಕೆ ಹಿಂದೊಂದು ಬಾಲ ಬೇಕು. ಏನನ್ನು ಕೊಡುವವನು? ರಕ್ತದ ದೊನರ್, ಆರ್ಡರಿನ ದೊನರ್, ಬುದ್ಧಿವಾದದ ದೊನರ್. ಬಾಲ ಇಲ್ಲದ ಬರೀ ದೊನರ್ ನಡೆಯುವುದು ವಿಷಯ ಮೊದಲೇ ಗೊತ್ತಿರುವ ಜಾಗದಲ್ಲಿ ಮಾತ್ರ, ಆಸ್ಪತ್ರೆಯಲ್ಲಿ ಅಥವಾ ಇಸ್ಪೀಟಿನ ಮೇಜಿನಲ್ಲಿ.

ಅದೂ ಅಲ್ಲದೆ ದೊನರ್‌ಗೆ ಒಳ್ಳೆಯತನದ ಹಂಗಿಲ್ಲ. ‘ದೊನರ್ ದ ಲಸೋಂ’ ಎಂದರೆ ಕೇಳದಿದ್ದರೂ ಎಲ್ಲರಿಗೂ ಪಾಠ ಹೇಳುವವನು. ರಾಜಕೀಯ ಚರ್ಚೆಗಳಲ್ಲಿ ಎದುರಾಳಿಯನ್ನು ಜರೆಯಲು ಸದಾ ಬಳಸುತ್ತಾರೆ.

ಇಸ್ಪೀಟಿನಲ್ಲಿ ಎಲೆ ಹಂಚುವವನೂ ದೊನರ್. ಫ್ರಾನ್ಸಿನ ಹಳ್ಳಿ ಕೆಫೆಗಳಲ್ಲಿ ಆಡುವ ಬೆಲೋತ್ ಆಟಕ್ಕೆ 32 ಎಲೆ, ನಾಲ್ಕು ಜನ. ಹಂಚಿದ್ದು ತಪ್ಪಿದರೆ ‘ಮಾಲ್ದೊನ್’ ಎನ್ನುತ್ತಾರೆ, ಮತ್ತೆ ಕಲಸಿ ಹಂಚಬೇಕು. ಹಂಚಿಕೆಗೆ ‘ದೊನ್’. ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ ಅವರ ಆರ್ಥಿಕ ಕಾರ್ಯಕ್ರಮ ನ್ಯೂ ಡೀಲ್‌ಗೆ ಫ್ರೆಂಚಿನಲ್ಲಿ ‘ನುವೆಲ್ ದೊನ್’ ಎಂದು ಹೆಸರಾದದ್ದು ಇದರಿಂದಲೇ.

ಕಂಡಕ್ಟಿವಿಟಿ

ಇಂಜಿನಿಯರಿಂಗ್ ಓದಿದವರಿಗೆ ಇನ್ನೊಂದು. ಸಿಲಿಕಾನ್‌ಗೆ ಫಾಸ್ಫರಸ್ ಬೆರೆಸಿದರೆ ಅದು ಎಲೆಕ್ಟ್ರಾನ್ ಕೊಡುತ್ತದೆ. ಫ್ರೆಂಚ್ ಪುಸ್ತಕಗಳಲ್ಲಿ ಅದೂ ದೊನರ್. ಪದಬೇಟೆಯವರ ಮಾತಿಗೆ ಸರಿಯಾಗಿ ಕೂರುತ್ತದೆ.

ಪ್ಯಾರಿಸ್ ಪದ್ಮ

ಹೆಣ್ಣುಮಕ್ಕಳು ಒಂದು ವಿಷಯ ತಿಳಿದಿರಲಿ. ದೊನಾತರ್‌ಗೆ ಸ್ತ್ರೀಲಿಂಗ ದೊನಾತ್ರಿಸ್, ಅದರಲ್ಲಿ ತೊಡಕಿಲ್ಲ. ದೊನರ್‌ಗೆ ದೊನಜ಼್. ಹಳೆಯ ಪೊಲೀಸ್–ಕಳ್ಳರ ಸಿನಿಮಾಗಳ ಮಾತಿನಲ್ಲಿ ಈ ದೊನಜ಼್‌ಗೆ ಪೊಲೀಸರಿಗೆ ಗುಟ್ಟು ಬಿಟ್ಟುಕೊಡುವ ಚಾಡಿಕೋರ ಎಂಬ ಅರ್ಥ ಇತ್ತು. ಗಂಡಸರನ್ನೇ ಹೀಗೆ ಹೆಣ್ಣಿನ ರೂಪದಲ್ಲಿ ಬೈಯುತ್ತಿದ್ದರು. ಈಗ ಆ ಜಾಗಕ್ಕೆ ‘ಬಲಾಂಸ್’ ಬಂದಿದೆ. ಅನ್ಯಾಯವನ್ನು ಬಯಲಿಗೆಳೆಯುವ ಒಳ್ಳೆಯವರಿಗೆ ಇದ್ಯಾವುದೂ ಸಲ್ಲದು. ಅವರು ‘ಲಾಂಸರ್ ದಲೆರ್ತ್’, ಎಚ್ಚರಿಕೆಯ ಗಂಟೆ ಬಾರಿಸುವವರು. ‘ದೊನರ್ ದಲೆರ್ತ್’ ಎಂದು ಬರೆದರೆ ಫ್ರೆಂಚ್ ಅನ್ನಿಸುವುದಿಲ್ಲ.

ಆದರೆ ಈ ಬೈಗುಳಕ್ಕೆ ಹೆದರಿ ದೊನಜ಼್ ಪದವನ್ನೇ ಬಿಡಬೇಡಿ. 1952ರ ಕ್ರಿಸ್‌ಮಸ್ ಹೊತ್ತಿಗೆ ಪ್ಯಾರಿಸ್ಸಿನ ನೆಕೆರ್ ಆಸ್ಪತ್ರೆಯಲ್ಲಿ ಏನಾಯಿತು ಗೊತ್ತಾ? ಮಾರ್ಯುಸ್ ರೆನಾರ್ ಎಂಬ ಹದಿಹರೆಯದ ಬಡಗಿ ಹುಡುಗ ಸಾರವೆಯಿಂದ ಬಿದ್ದ. ಒಡೆದ ಮೂತ್ರಪಿಂಡವನ್ನು ತೆಗೆದರು. ಆಮೇಲೆ ತಿಳಿಯಿತು, ಅವನಿಗೆ ಹುಟ್ಟಿನಿಂದ ಇದ್ದದ್ದೇ ಅದೊಂದು. ತಾಯಿ ನನ್ನದು ತೆಗೆದುಕೊಳ್ಳಿ ಎಂದಳು. ಜಾನ್ ಆಂಬುರ್ಜೆ ಅವರ ತಂಡ ಕಸಿ ಮಾಡಿತು. ಮೂತ್ರಪಿಂಡ ಕೆಲಸ ಶುರು ಮಾಡಿತು. ಮೂರು ವಾರ ಇಡೀ ಫ್ರಾನ್ಸ್ ಆ ಹುಡುಗನ ಸುದ್ದಿಗೆ ಕಾದಿತ್ತು. ಆಮೇಲೆ ದೇಹ ಅದನ್ನು ತಿರಸ್ಕರಿಸಿತು, ಅವನು ಉಳಿಯಲಿಲ್ಲ. ಜೀವಂತ ಸಂಬಂಧಿಯಿಂದ ಪಡೆದು ಮಾಡಿದ ಕಸಿಗಳ ಕಥೆ ಹೇಳುವಾಗ ವೈದ್ಯರು ಇಂದಿಗೂ ಅಲ್ಲಿಂದಲೇ ಶುರು ಮಾಡುತ್ತಾರೆ. ಆ ತಾಯಿಗೆ ಫ್ರೆಂಚಿನಲ್ಲಿ ಇರುವ ಪದ ದೊನಜ಼್. ನನಗೆ ಆ ಪದ ಕೇಳಿದರೆ ನೆನಪಾಗುವುದು ಅವಳೇ.

ಸತ್ತ ಮೇಲಿನ ಅಂಗದಾನದ ನಿಯಮವೂ ಇಲ್ಲಿ ಬೇರೆ. 1976ರ ಡಿಸೆಂಬರ್ 22ರ ಕಾನೂನು ಬಂದಾಗಿನಿಂದ, ಬೇಡ ಎಂದು ಹೇಳದ ಪ್ರತಿಯೊಬ್ಬರೂ ದೊನರ್ ಎಂದೇ ಲೆಕ್ಕ. ಬೇಡ ಎನ್ನುವವರು ಹೆಸರು ಬರೆಸಲು ಪ್ರತ್ಯೇಕ ದಾಖಲೆ ಇದೆ. ಇಲ್ಲಿ ನೆಲೆಸಿದ ನಮ್ಮವರು ಈ ಬಗ್ಗೆ ಮನೆಯಲ್ಲಿ ಮಾತಾಡಿಕೊಳ್ಳುವುದು ಒಳ್ಳೆಯದು. ವೀರ್ಯ, ಅಂಡಾಣು ಕೊಡುವವರಿಗೂ ದೊನರ್, ದೊನಜ಼್ ಎಂದೇ ಹೇಳುತ್ತಾರೆ. ಮೊದಲು ಅವರ ಗುರುತು ಪೂರ್ತಿ ಗುಟ್ಟಾಗಿತ್ತು. 2022ರ ಸೆಪ್ಟೆಂಬರ್ 1ರಿಂದ ಹೊಸದಾಗಿ ಕೊಡುವವರು, ಹುಟ್ಟಿದ ಮಗುವಿಗೆ 18 ತುಂಬಿದಾಗ ಕೇಳಿದರೆ ಗುರುತು ತಿಳಿಸಲು ಮೊದಲೇ ಒಪ್ಪಬೇಕು.

ಮಂಜು ಮೈಸೂರು

ಪದ್ಮಕ್ಕ, ಇದನ್ನು ಓದಿ ಮನಸ್ಸು ಭಾರವಾಯಿತು. ದೇಹದಾನ ಮಾಡುವವರಿಗೆ ಏನನ್ನುತ್ತಾರೆ? ಮೆಡಿಕಲ್ ಕಾಲೇಜಿಗೆ ದೇಹ ಕೊಡುತ್ತಾರಲ್ಲ, ಅವರಿಗೆ?

ಪ್ಯಾರಿಸ್ ಪದ್ಮ

ಮಂಜು, ಅಲ್ಲಿ ಎರಡೂ ಕಾಣಿಸುತ್ತವೆ. ಬದುಕಿದ್ದಾಗಲೇ ತಾನೇ ಬರೆದು ಸಹಿ ಹಾಕಬೇಕು, ಉಯಿಲಿನ ಥರ. ಅದಕ್ಕೆ ದೊನಾತರ್ ಕೂಡ ಒಳಗೆ ಬಂದಿದೆ ಅಂತ ನನ್ನ ಅನಿಸಿಕೆ.

ಕಿವಿಯೋದು

ಇಷ್ಟು ಹೊತ್ತು ಓದುತ್ತಿದ್ದೆ. ನನಗೆ ತುಂಬ ಇಷ್ಟವಾದ ಬಳಕೆ ಇನ್ನೂ ಬಂದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ: ‘ದೊನರ್ ದ ವ್ವಾ’, ದನಿ ಕೊಡುವವರು.

1972ರಲ್ಲಿ ಲೀಲ್ ನಗರದಲ್ಲಿ ಲಯನ್ಸ್ ಕ್ಲಬ್ಬಿನವರು ಕಣ್ಣು ಕಾಣದವರಿಗಾಗಿ ದನಿಯ ಗ್ರಂಥಾಲಯ ಶುರು ಮಾಡಿದರು. ಆಮೇಲೆ ಅದು ದೇಶದ ತುಂಬ ಹರಡಿತು. ಸಂಘದ ಹೆಸರಿನಲ್ಲೇ ‘ದೊನರ್ ದ ವ್ವಾ’ ಇದೆ. ಸ್ವಯಂಸೇವಕರು ಮನೆಯಲ್ಲಿ ಕೂತು ಪುಸ್ತಕ, ಪತ್ರಿಕೆ ಜೋರಾಗಿ ಓದಿ ರೆಕಾರ್ಡ್ ಮಾಡುತ್ತಾರೆ. ಕಣ್ಣಿನ ತೊಂದರೆ ಇರುವವರಿಗೆ, ಅಂಗವೈಕಲ್ಯದಿಂದ ಪುಸ್ತಕ ಹಿಡಿಯಲಾಗದವರಿಗೆ, ಓದಲು ಕಷ್ಟಪಡುವ ಮಕ್ಕಳಿಗೆ ಅದು ಉಚಿತ. ಇವರನ್ನು ದೊನಾತರ್ ಎನ್ನಲು ಬರುವುದಿಲ್ಲ, ದನಿ ಆಸ್ತಿ ಅಲ್ಲ. ಕೊಟ್ಟ ಮೇಲೂ ಅದು ಅವರ ಹತ್ತಿರವೇ ಇರುತ್ತದೆ.

ನಾನು ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಪಠ್ಯ ಓದಿ ಕೊಡುತ್ತೇನೆ. ನಮ್ಮಲ್ಲಿ ಇದಕ್ಕೆ ‘ರೀಡರ್’, ‘ಸ್ಕ್ರೈಬ್’ ಎಂದೆಲ್ಲ ಹೇಳುತ್ತಾರೆ. ದನಿಗೊಡುಗರು ಎಂದರೆ ಹೇಗೆ?

ಪದಬೇಟೆ

ದನಿದಾನಿ ಎಂದರೆ? ರಕ್ತದಾನಿ, ನೇತ್ರದಾನಿ ಜನಕ್ಕೆ ಗೊತ್ತೇ ಇವೆ.

ಕಿವಿಯೋದು

‘ದಾನಿ’ ಬೇಡ ಅನ್ನಿಸುತ್ತದೆ. ಕೇಳುವ ಹುಡುಗರಿಗೆ ತಾವು ದಾನ ತೆಗೆದುಕೊಳ್ಳುತ್ತಿದ್ದೇವೆ ಎಂಬ ಭಾವನೆ ಬರಬಾರದು. ಪುಸ್ತಕ ಓದುವುದು ಅವರ ಹಕ್ಕು. ದನಿಗೊಡುಗರು ಎಂದರೆ ಆ ಭಾರ ಇಲ್ಲ.

ಸಮಾಜಶಾಸ್ತ್ರ ಎಂ.ಎ.

ಒಪ್ಪುತ್ತೇನೆ. ‘ಕೊಡುಗೈ’ ಎಂಬ ಮಾತು ನಮ್ಮಲ್ಲಿ ಇದೆಯಲ್ಲ, ‘ಕೊಡುಗ’ ಅದರ ಪಕ್ಕದಲ್ಲೇ ನಿಲ್ಲುತ್ತದೆ. ಬಳಸುತ್ತಾ ಹೋದರೆ ನಿಲ್ಲಬಹುದು.

ಶರಾವತಿ

ಎಲ್ಲರಿಗೂ ತುಂಬಾ ಧನ್ಯವಾದ. ಕೊನೆಯದಾಗಿ ಎರಡು ಸಂದೇಹ. ಪಡೆಯುವವರಿಗೆ ರಕ್ತದ ವಿಷಯದಲ್ಲೂ ದೊನಾತೇರ್ ಅನ್ನಬಹುದಾ? ಮತ್ತೆ ಉಚ್ಚಾರ ಸ್ವಲ್ಪ ಹೇಳಿಕೊಡಿ.

ಲಿಯೋಂ ಕನ್ನಡಿಗ

ಬೇಡ. ರಕ್ತ, ಅಂಗ ಪಡೆಯುವವರು ‘ರಸವರ್’. ಓ ನೆಗೆಟಿವ್‌ನವರು ಎಲ್ಲರಿಗೂ ಕೊಡಬಲ್ಲ ದೊನರ್, ಎಬಿ ಪಾಸಿಟಿವ್‌ನವರು ಎಲ್ಲರಿಂದ ಪಡೆಯಬಲ್ಲ ರಸವರ್. ಹಳೆಯ ಕಥೆ ಕಾದಂಬರಿ ಓದುವಾಗ ಜೋಪಾನ. ಬಸ್ಸಿನ ಕಂಡಕ್ಟರ್, ತೆರಿಗೆ ವಸೂಲಿ ಅಧಿಕಾರಿಗೂ ರಸವರ್ ಎನ್ನುತ್ತಿದ್ದರು.

ಉಚ್ಚಾರದಲ್ಲಿ ಮೊದಲ ಅಕ್ಷರ ‘ದ’, ಇಂಗ್ಲಿಷಿನ ಡೋನರ್ ಥರ ‘ಡ’ ಅಲ್ಲ. ನಮಗೆ ಇದು ಸುಲಭ. ಎರಡು ಎನ್ ಬರೆದರೂ ಒತ್ತಿ ಹೇಳಬೇಡಿ. ಕೊನೆಯ ಸ್ವರ ಕನ್ನಡದಲ್ಲಿ ಇಲ್ಲ. ಬಾಯಿ ‘ಒ’ ಎನ್ನುವಂತೆ ದುಂಡಗೆ ಇಟ್ಟು ‘ಎ’ ಎನ್ನಿ, ಹತ್ತಿರ ಬರುತ್ತದೆ. ‘ರ್’ ಗಂಟಲಿನಿಂದ. ಬಹುವಚನದ ‘ಎಸ್’ ಬರೆಯಬೇಕು, ಹೇಳಬಾರದು.

ಶರಾವತಿ

ದೊನರ್ ದ ಸಾಂ, ದೊನರ್ ದೋರ್ದ್ರ್ ಎರಡನ್ನೂ ಈಗ ಗಟ್ಟಿಯಾಗಿ ಹೇಳಿಕೊಂಡು ನೋಡಿದೆ, ಬರುತ್ತಿದೆ. ಕಿವಿಯೋದು ಅವರೇ, ಕನ್ನಡ ಪಠ್ಯ ಓದಿ ಕೊಡಲು ನಾನೂ ಸೇರಬಹುದಾ? ಶನಿವಾರ ಬಿಡುವಿದೆ.

ಕಿವಿಯೋದು

ಖಂಡಿತ ಬನ್ನಿ ಮೇಡಂ. ಪಿಯುಸಿ ಇತಿಹಾಸದ ಪುಸ್ತಕ ಬಾಕಿ ಇದೆ. ಒಂದು ಅಧ್ಯಾಯ ಕಳಿಸುತ್ತೇನೆ, ಫ್ಯಾನ್ ಆಫ್ ಮಾಡಿ ಓದಿ.